ದಕ್ಷಿಣ ಧ್ರುವಕ್ಕೊಂದು ಬಾಗಿನ

ನಾನು ನೀರಿಗೆ ಹೆದರಿ ಹಡಗಿನಿಂದ ಇಳಿಯಲೇ ಇಲ್ಲ ಎಂದು ಚನ್ನಗಿರಿಯ ತುಂಬಾ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಹೊನ್ನಾಳಿಯಲ್ಲಿ ಹುಟ್ಟಿದವಳು ನಾನು. ತುಂಗಭದ್ರೆಯಲ್ಲಿ ಗಂಡುಹುಡುಗರ ಸಮಕ್ಕೆ ಈಜಿ, ಅಪ್ಪನ ಕೈಲಿ ಬೆನ್ನು ಬಾಸುಂಡೆ ಬರುವಂತೆ ಹೊಡೆಸಿಕೊಂಡವಳು. ಆಡುವವರ ಬಾಯಿಗೆ ಬೀಗ ಹಾಕಲು ನನ್ನಿಂದ ಆಗುವುದಿಲ್ಲ. ಆದರೆ ನಡೆದದ್ದು ನಡೆದಂತೆ ಒಂದು ಕಡೆ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಅಂಬಿಕಾ. ಹೊನ್ನಾಳಿ ಬಸ್ ನಿಲ್ದಾಣದ ಹಿಂದೆ ಹತ್ತೊಂಬತ್ತು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ನನ್ನ ಯಜಮಾನರು ಕಲ್ಲೇಶ್ ತರಕಾರಿ ತರುತ್ತಾರೆ, ಬಡಿಸುತ್ತಾರೆ. ಒಲೆ ಮಾತ್ರ ನನ್ನದು. ಜಗಳೂರು ಕಡೆಯ ಬಿಳಿಜೋಳ ತರಿಸಿ ರೊಟ್ಟಿ ತಟ್ಟುತ್ತೇನೆ. ನ್ಯಾಮತಿ ಬಸ್ಸಿನ ಡ್ರೈವರುಗಳು ಹಸಿವನ್ನು ತಡೆದುಕೊಂಡು ಬಂದು ನಮ್ಮಲ್ಲೇ ಉಣ್ಣುತ್ತಾರೆ. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದು ಹೇಳಿದೆ.

ಮರುಳಪ್ಪನವರು ಚನ್ನಗಿರಿಯ ಅಡಿಕೆ ಮಂಡಿ ಸಾಹುಕಾರರು. ಅವರ ಹೆಂಡತಿ ಕಸ್ತೂರಮ್ಮ ನನ್ನ ದೊಡ್ಡಮ್ಮನ ಕಡೆಯಿಂದ ದೂರದ ನೆಂಟರು. ನಮ್ಮ ಮನೆಯ ಕಾರ್ಯಕ್ಕೆ ಅವರಿಗೆ ಪುರುಸೊತ್ತು ಸಿಗದಷ್ಟು ದೂರ, ಅವರ ಮನೆಯ ಕಾರ್ಯಕ್ಕೆ ನಾನು ಹೋಳಿಗೆ ತಟ್ಟಲು ಹೋಗುವಷ್ಟು ಹತ್ತಿರ. ಇಂಥ ನೆಂಟಸ್ತಿಕೆ ಎಲ್ಲರ ಮನೆಯಲ್ಲೂ ಇರುತ್ತದೆ.

ದಾವಣಗೆರೆಯ ಯಾರೋ ಸಾಹುಕಾರರು ದೊಡ್ಡ ಹಡಗಿನಲ್ಲಿ ಇನ್ನೂರು ಜನರ ಜೊತೆ ಅಂಟಾರ್ಕ್ಟಿಕಕ್ಕೆ ಹೋಗಿಬಂದು, ಪೆಂಗ್ವಿನ್ ಪಕ್ಕ ನಿಂತ ಫೋಟೊವನ್ನು ಮಗಳ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಆ ಪತ್ರಿಕೆ ಮರುಳಪ್ಪನವರ ಮನೆಗೂ ಬಂತು. ಅವತ್ತಿನಿಂದ ಅವರಿಗೆ ಅನ್ನ ಸೇರಲಿಲ್ಲ. ಮಗ ಮಾಲತೇಶ್ ಮುಂಬೈಯ ಏಜೆಂಟ್ ಒಬ್ಬನನ್ನು ಹಿಡಿದ. ಸಂತೆಗೆ ಹೋದ ಹಾಗೆ ಇನ್ನೂರು ಜನರ ಜೊತೆ ಹೋಗುವುದೇನು, ಇಡೀ ಹಡಗನ್ನೇ ಮನೆಮಂದಿಗೆ ಬಾಡಿಗೆಗೆ ಹಿಡಿಯೋಣ ಎಂದ. ಅದನ್ನು ಯಾಟ್ ಎನ್ನುತ್ತಾರೆ. ಹಿಮ ತಾಗಿದರೂ ಒಡೆಯದ ಗಟ್ಟಿ ತಳ, ಮೇಲಿನ ಅಂತಸ್ತಿನಲ್ಲಿ ಬಿಸಿನೀರಿನ ತೊಟ್ಟಿ, ಸಿನಿಮಾ ನೋಡುವ ಕೋಣೆ. ಅತಿಥಿಗಳು ಹನ್ನೆರಡು, ಅವರ ಸೇವೆಗೆ ಇಪ್ಪತ್ತು ಮಂದಿ.

ಹಡಗಿನಲ್ಲಿ ಇಟಲಿಯ ಅಡಿಗೆಯವನಿದ್ದ. ಆದರೆ ಮೀನು ಮಾಂಸ ಬೇಯುವ ಪಾತ್ರೆಯಲ್ಲಿ ಬೆಂದದ್ದನ್ನು ಕಸ್ತೂರಮ್ಮ ಮುಟ್ಟುವುದಿಲ್ಲ. ಊರಿನಿಂದ ಒಬ್ಬಳನ್ನು ಕರೆದೊಯ್ಯೋಣ ಎಂದರೆ ಏಜೆಂಟ್ ಕಾನೂನು ಹೇಳಿದ. ಸಮುದ್ರದ ತರಬೇತಿ ಇಲ್ಲದವರನ್ನು ಕೆಲಸದವರು ಎಂದು ಹತ್ತಿಸುವಂತಿಲ್ಲ, ಅತಿಥಿಯಾಗಿಯೇ ಹತ್ತಬೇಕು, ಅತಿಥಿಗಳು ಹನ್ನೆರಡರ ಮೇಲೆ ಒಬ್ಬರೂ ಹೆಚ್ಚಾಗುವಂತಿಲ್ಲ ಎಂದ. ಹೀಗಾಗಿ ಕಸ್ತೂರಮ್ಮನ ತಂಗಿಯ ಹೆಸರು ಹೊಡೆದು ನನ್ನ ಹೆಸರು ಬರೆದರು. ಆ ತಂಗಿಯ ಸಿಟ್ಟನ್ನೂ ಆಮೇಲೆ ನಾನೇ ಹೊತ್ತುಕೊಳ್ಳಬೇಕಾಯಿತು.

ಮರುಳಪ್ಪನವರು ತಾವೇ ಕಾರಿನಲ್ಲಿ ನಮ್ಮ ಖಾನಾವಳಿಗೆ ಬಂದು ಬೆಂಚಿನ ಮೇಲೆ ಕೂತು ಹೇಳಿದರು. ಇದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ಕಲ್ಲೇಶ್ ಕೂಡ ಕೇಳಿದ್ದಾರೆ.

"ಎಲ್ಡು ಹೊತ್ತು ಅಡಿಗಿ ಮಾಡಿದ್ರೆ ಸಾಕು ಕಣಮ್ಮ. ಉಳಿದಂಗೆ ನೀನೂ ನಮ್ ಜೊತಿ ಗೆಸ್ಟೇ. ನಾವು ಎಲ್ಲೆಲ್ಲಿ ಇಳಿತೀವೋ ಅಲ್ಲೆಲ್ಲ ನೀನೂ ಇಳಿಯಾದು."

ನಾನು ಒಪ್ಪಿದ್ದು ಆ ಕಡೆಯ ಮಾತಿಗೆ. ಸಂಬಳ ಎಷ್ಟೆಂದು ಕೇಳಲೂ ಇಲ್ಲ. ಹತ್ತೊಂಬತ್ತು ವರ್ಷ ಬೆಂಕಿಯ ಮುಂದೆ ನಿಂತವಳಿಗೆ ಒಮ್ಮೆ ಹಿಮದ ಮೇಲೆ ನಿಲ್ಲಬೇಕೆನಿಸಿತು. ಒಲೆ ಇಲ್ಲದ, ಯಾರೂ ಸಾರು ಕೇಳದ ಒಂದು ಜಾಗದಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತರೆ ಸಾಕಿತ್ತು. ಇದು ಅತಿಯಾಸೆ ಎಂದು ನನಗೆ ಇವತ್ತಿಗೂ ಅನಿಸಿಲ್ಲ.

ವಿಮಾನ ಬದಲಿಸಿ ಬದಲಿಸಿ ಭೂಮಿಯ ಆ ತುದಿಯ ಊರು ಮುಟ್ಟಿ ಹಡಗು ಹತ್ತಿದೆವು. ಎರಡು ದಿನ ಕಡಲು ನಮ್ಮನ್ನು ಮೊರದಲ್ಲಿ ಕೇರಿದಂತೆ ಕೇರಿತು. ಹನ್ನೊಂದು ಜನವೂ ಹಾಸಿಗೆ ಹಿಡಿದು ವಾಂತಿ ಮಾಡಿದರು. ನಾನೂ ಮಾಡಿದೆ, ಆದರೆ ಬಾಯಿ ತೊಳೆದು ಬಂದು ಗಂಜಿ ಕಾಯಿಸಿದೆ. ಹಡಗಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಕರೆಂಟಿನ ಒಲೆ. ಅದರ ಮೇಲೆ ಜೋಳದ ರೊಟ್ಟಿ ಉಬ್ಬುವುದಿಲ್ಲ. ನೆಲದ ಮೇಲೆ ಕೂತು, ಕಪಾಟಿಗೆ ಬೆನ್ನು ಒತ್ತಿ, ಎರಡೂ ಕಾಲನ್ನು ಎದುರಿನ ಗೋಡೆಗೆ ಆನಿಸಿಕೊಂಡು ತಟ್ಟಿದೆ. ಇಟಲಿಯವನು ನನ್ನ ಪಾತ್ರೆಗಳಿಗೆಲ್ಲ ಹಸಿರು ಪಟ್ಟಿ ಅಂಟಿಸಿ, ಅವನ್ನು ಯಾರೂ ಮುಟ್ಟದಂತೆ ನೋಡಿಕೊಂಡ. ಅವನಿಗೆ ನನ್ನ ಭಾಷೆ ಬರುತ್ತಿರಲಿಲ್ಲ, ನನಗೆ ಅವನದು ಬರುತ್ತಿರಲಿಲ್ಲ. ಇಡೀ ಹಡಗಿನಲ್ಲಿ ನನಗೆ ಮರ್ಯಾದೆ ಕೊಟ್ಟ ಮೊದಲ ಮನುಷ್ಯ ಅವನು.

ಎರಡನೆಯವಳು ಇಂಗ್ರಿಡ್. ನಾರ್ವೆ ದೇಶದವಳು, ನಮ್ಮನ್ನು ದಡಕ್ಕೆ ಇಳಿಸಿ ಸುತ್ತಾಡಿಸುವ ಹೊಣೆ ಅವಳದು. ಇಳಿಯುವ ಹಿಂದಿನ ದಿನ ಎಲ್ಲರನ್ನೂ ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸುತ್ತಾ ಇಂಗ್ಲಿಷಿನಲ್ಲಿ ನಿಯಮ ಹೇಳಿದಳು. ಇಂಗ್ಲಿಷ್ ಬಲ್ಲ ಮಾಲತೇಶ್, ಅವನ ಹೆಂಡತಿ ಶಾಂತಲಾ, ಅಳಿಯಂದಿರು, ಎಲ್ಲರೂ ಫೋನ್ ನೋಡುತ್ತಿದ್ದರು. ಇಂಗ್ಲಿಷ್ ಬಾರದ ನಾನು ಚಿತ್ರ ನೋಡಿದೆ. ಬೂಟಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಬೀಜ, ಆ ಬೀಜದಿಂದ ಹುಟ್ಟಿದ ಹುಲ್ಲು, ಆ ಹುಲ್ಲಿನ ಮೇಲೆ ದೊಡ್ಡ ಕೆಂಪು ಗೀಟು. ಕಾಳು, ಬೀಜ, ತಿನ್ನುವ ಪದಾರ್ಥ ಯಾವುದೂ ಆ ನೆಲ ಮುಟ್ಟಬಾರದು ಎಂದು ತಿಳಿಯಲು ಬಿ.ಎ. ಓದಬೇಕಿಲ್ಲ. ಎಲ್ಲರೂ ಕಾಗದಕ್ಕೆ ರುಜು ಹಾಕಿದರು. ನಾನೂ ಹಾಕಿದೆ.

ನಾಲ್ಕು ದಿನ, ದಿನಕ್ಕೊಂದು ಸಲ ಇಳಿಯುವುದೆಂದು ಗೊತ್ತಾಗಿತ್ತು. ದೋಣಿಗೆ ಇಳಿಯುವ ಬಾಗಿಲ ಬಳಿ ಒಂದು ಹಲಗೆ, ಅದರಲ್ಲಿ ಒಂದರಿಂದ ಹನ್ನೆರಡರವರೆಗೆ ಬಿಲ್ಲೆಗಳು. ಇಳಿಯುವವರು ತಮ್ಮ ಬಿಲ್ಲೆಯನ್ನು ಕೆಂಪು ಮಾಡಿ ಹೋಗಬೇಕು, ಬಂದ ಮೇಲೆ ತಿರುಗಿಸಿ ಹಸಿರು ಮಾಡಬೇಕು. ಹನ್ನೆರಡನೆಯದು ನನ್ನದು. ನನ್ನ ಹೆಸರು ಹೊಲಿದ ಕೆಂಪು ಜಾಕೆಟ್ಟೂ, ನನ್ನ ಅಳತೆಯ ಬೂಟೂ ಗೂಟದಲ್ಲಿ ತೂಗುತ್ತಿದ್ದವು.

ಮೊದಲ ದಿನ ಕಸ್ತೂರಮ್ಮ, ಹಿಮದಲ್ಲಿ ತಿರುಗಿ ಬಂದವರಿಗೆ ಬಿಸಿ ಹುಗ್ಗಿ ಬೇಕು, ನಾಳೆ ಇಳಿದರಾಯಿತು ಎಂದರು. ಎರಡನೆಯ ದಿನ ಮೊಮ್ಮಗನ ಹುಟ್ಟುಹಬ್ಬ, ಹೋಳಿಗೆ ಆಗಬೇಕು. ಮೂರನೆಯ ದಿನ ನಾನು ಬೆಳಗ್ಗೆಯೇ ಅಡಿಗೆ ಮುಗಿಸಿ ಜಾಕೆಟ್ ಹಾಕಿಕೊಂಡು ಬಾಗಿಲ ಬಳಿ ನಿಂತೆ. ಇಂಗ್ರಿಡ್ ನಕ್ಕು ಕೈ ಚಾಚಿದಳು. ಮಾಲತೇಶ್ ಅಡ್ಡ ಬಂದು ಅವಳಿಗೇನೋ ಇಂಗ್ಲಿಷಿನಲ್ಲಿ ಹೇಳಿದ. ಅವಳು ಅಯ್ಯೋ ಪಾಪ ಎನ್ನುವಂತೆ ನನ್ನ ಭುಜ ತಟ್ಟಿ ಮುಂದಕ್ಕೆ ಹೋದಳು. ಏನು ಹೇಳಿದೆ ಎಂದು ಕೇಳಿದರೆ, ನಿಮಗೆ ನೀರು ಕಂಡರೆ ಭಯ ಅಂದೆ, ಸಿಂಪಲ್ ಆಗಿ ಮುಗೀತು ಎಂದ. ಮೈಯೆಲ್ಲ ಉರಿಯಿತು. ಆದರೂ ಅಡಿಗೆಮನೆಗೆ ವಾಪಸ್ ನಡೆದೆ, ನೋಡಿ. ಸಿಟ್ಟು ಬಂದಾಗಲೆಲ್ಲ ಅಡಿಗೆಮನೆಗೆ ಹೋಗುವುದು ನಮಗೆ ಯಾರು ಕಲಿಸಿದರೋ.

ಬಾಗಿನದ ವಿಚಾರ ಅದೇ ದಿನದ್ದು. ನಮ್ಮ ಕಡೆ ಕೆರೆ ತುಂಬಿದರೆ ಬಾಗಿನ ಬಿಡುತ್ತಾರೆ. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಅರಿಶಿನ ಕೊಂಬು, ಬಳೆ, ಅಡಿಕೆ, ರವಿಕೆಯ ಕಣ ಇಟ್ಟು ನೀರಿಗೆ ಒಪ್ಪಿಸುತ್ತಾರೆ. ಸೂಳೆಕೆರೆ ಕೋಡಿ ಬಿದ್ದ ವರ್ಷ ಮರುಳಪ್ಪ ದಂಪತಿ ಬಾಗಿನ ಬಿಟ್ಟ ಫೋಟೊ ಪೇಪರಿನಲ್ಲಿ ಬಂದಿತ್ತು. ಅದು ಈಗಲೂ ಕಟ್ಟು ಹಾಕಿಸಿಕೊಂಡು ಅವರ ಮಂಡಿಯಲ್ಲಿದೆ. ಕಸ್ತೂರಮ್ಮ ಊರಿನಿಂದಲೇ ಸಣ್ಣ ಮೊರ ತಂದಿದ್ದರು. ಅವತ್ತು ಬೆಳಗ್ಗೆ, ನಾನು ಬಾಗಿಲ ಬಳಿ ಹೋಗುವ ಮೊದಲೇ, ಅಡಿಗೆಮನೆಗೆ ಬಂದು ತುಂಬು ಅಂದರು. ಇಲ್ಲಿ ಕಾಳು ಚೆಲ್ಲಬಾರದು ಎಂದು ಆ ಹೆಣ್ಣುಮಗಳು ಚಿತ್ರ ತೋರಿಸಿ ಹೇಳಿದ್ದಾಳೆ, ಕಾಗದಕ್ಕೆ ರುಜು ಹಾಕಿದ್ದೇವೆ, ಬೇಡ ಎಂದು ಎರಡು ಸಲ ಹೇಳಿದೆ.

"ಭೂಮಿ ಮ್ಯಾಲಿನ ನೀರೆಲ್ಲ ಇಲ್ಲೇ ಐತಂತೆ. ಇಷ್ಟು ದೊಡ್ಡ ಗಂಗಮ್ಮನ್ನ ಬರಿಗೈಲಿ ನೋಡಿ ಹೋಗಾಕೆ ಆಗ್ತೈತೇನೆ? ನಿಂಗೆ ಹೇಳಿದಷ್ಟು ಮಾಡು" ಎಂದರು ಕಸ್ತೂರಮ್ಮ.

ಹೇಳಿದಷ್ಟು ಮಾಡಿದೆ. ಮೊರ ತುಂಬಿದವಳು ನಾನೇ, ಸುಳ್ಳು ಹೇಳುವುದಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ, ಜಾಕೆಟ್ಟಿನೊಳಗೆ ಹೊಟ್ಟೆಗೆ ಕಟ್ಟಿಕೊಂಡು ದೋಣಿ ಹತ್ತಿದವರು ಅವರು. ಕಲ್ಲಿನ ದಡದಲ್ಲಿ ಇಂಗ್ರಿಡ್ ಅತ್ತ ತಿರುಗಿದಾಗ ಗಂಡ ಹೆಂಡತಿ ಇಬ್ಬರೂ ನಿಂತು ಬಾಗಿನ ಬಿಟ್ಟರು, ಮಾಲತೇಶ್ ವಿಡಿಯೋ ಮಾಡಿದ. ಗಂಗಮ್ಮ ಒಪ್ಪಿಕೊಳ್ಳಲಿಲ್ಲ. ಮುಂದಿನ ಅಲೆಯಲ್ಲೇ ಮೊರ ಮಗುಚಿ, ಅಕ್ಕಿ ಬೇಳೆ ಎಲ್ಲ ದಡದ ಬೆಣಚುಕಲ್ಲಿನ ತುಂಬಾ ಹರಡಿತು. ಅಲ್ಲಿನ ಪೆಂಗ್ವಿನ್‌ಗಳು ಸಣ್ಣ ಕಲ್ಲು ಆಯ್ದು ಗೂಡು ಕಟ್ಟುತ್ತವೆ. ಒಂದು ಪೆಂಗ್ವಿನ್ ಮರುಳಪ್ಪನವರ ಮಂಡಿಯದೊಂದು ಅಡಿಕೆಯನ್ನು ಕಲ್ಲೆಂದು ತಿಳಿದು ಕೊಕ್ಕಿನಲ್ಲಿ ಕಚ್ಚಿಕೊಂಡು ಹೊರಟಿತು. ಇಂಗ್ರಿಡ್ ನೋಡಿದ್ದು ಅದನ್ನು.

ಇದನ್ನೆಲ್ಲ ಆಮೇಲೆ ಶಾಂತಲಾ ಹೇಳಿದಳು. ಹನ್ನೊಂದು ಜನರಲ್ಲಿ ತುಸು ನಾಚಿಕೆ ಇದ್ದವಳು ಅವಳೊಬ್ಬಳೇ.

ಮಧ್ಯಾಹ್ನ ನನ್ನನ್ನು ಮೇಲೆ ಕರೆದರು. ಕೈಗೆ ಮೆತ್ತಿದ ಹಿಟ್ಟಿನಲ್ಲೇ ಹೋದೆ. ಕ್ಯಾಪ್ಟನ್, ಇಂಗ್ರಿಡ್, ಸುತ್ತ ಮನೆಮಂದಿ. ಮೇಜಿನ ಮೇಲೆ ಒದ್ದೆ ಕಣ, ಹಸಿರು ಬಳೆ, ಮೂರು ಅಡಿಕೆ. ಇಂಗ್ರಿಡ್ ಕಣ್ಣು ಕೆಂಪಾಗಿತ್ತು. ಅವಳು ನನ್ನನ್ನೇ ನೋಡಿ ಏನೋ ಕೇಳಿದಳು. ಮಾಲತೇಶ್ ಕನ್ನಡದಲ್ಲಿ ಹೇಳಿದ, ನಮ್ಮ ಹೆಸರು ಬಂದರೆ ಅಪ್ಪಾಜಿಯ ಮರ್ಯಾದೆ ಹೋಗುತ್ತದೆ, ಪೇಪರಿಗೆ ಹೋಗುತ್ತದೆ, ತಿಳಿಯದೆ ನೀವೇ ನಮ್ಮ ಚೀಲದಲ್ಲಿ ಇಟ್ಟಿದ್ದಿರಿ ಅಂದುಬಿಡಿ.

"ಹೂಂ ಅಂದುಬಿಡಮ್ಮ. ನಿನ್ನನ್ನ ಯಾರು ಕೇಳ್ತಾರೆ?" ಎಂದರು ಮರುಳಪ್ಪನವರು.

ಯಾರು ಕೇಳುತ್ತಾರೆ ಎಂದರು. ಹಿರಿಯರು, ನೆಂಟರು, ನಮ್ಮ ಬೆಂಚಿನ ಮೇಲೆ ಕೂತು ನೀನೂ ಗೆಸ್ಟೇ ಎಂದವರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ತಲೆ ತಗ್ಗಿಸಿ ನಿಂತೆ. ಮೌನವನ್ನು ಮಾಲತೇಶ್ ಒಪ್ಪಿಗೆ ಎಂದು ಇಂಗ್ಲಿಷಿಗೆ ಮಾಡಿದ. ಕ್ಯಾಪ್ಟನ್ ಬರೆದುಕೊಂಡ. ಕಡೆಯ ದಿನದ ಸುತ್ತಾಟ ಎಲ್ಲರಿಗೂ ರದ್ದಾಯಿತು. ತಪ್ಪು ಮಾಡಿದವಳು ಮಾತ್ರ ಇಂಗ್ರಿಡ್ ಜೊತೆ ಇಳಿದು ಕಾಳು ಆರಿಸಬೇಕು, ಅವಳ ಹೆಸರು ಮೇಲಿನವರಿಗೆ ಕಳಿಸುವ ವರದಿಯಲ್ಲಿ ಹೋಗುತ್ತದೆ ಎಂದು ತೀರ್ಮಾನವಾಯಿತು. ಅಕ್ಕಿ ಆರಿಸುವುದು ಅವಳಿಗೆ ಹೊಸದೇನಲ್ಲ ಎಂದು ಕಸ್ತೂರಮ್ಮ ಸೊಸೆಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಅವತ್ತು ರೊಟ್ಟಿ ತಟ್ಟಿದ ಸದ್ದಿಗೆ ಇಟಲಿಯವನು ಎರಡು ಸಲ ಇಣುಕಿ ನೋಡಿ ಹೋದ. ಅವರ ಮೇಲಿನ ಸಿಟ್ಟು ಒಂದು ಪಾಲಾದರೆ, ತಲೆ ತಗ್ಗಿಸಿದ ನನ್ನ ಕತ್ತಿನ ಮೇಲಿನ ಸಿಟ್ಟು ಮೂರು ಪಾಲು.

ಮಾರನೆಯ ಬೆಳಗ್ಗೆ ವರದಿಗೆ ರುಜು ಹಾಕಿಸಲು ಇಂಗ್ರಿಡ್ ಒಂದು ಟ್ಯಾಬ್ ಹಿಡಿದು ಅಡಿಗೆಮನೆಗೇ ಬಂದಳು. ಅವಳು ಅದಕ್ಕೆ ಏನೋ ಹೇಳಿದಳು, ಅದು ಕನ್ನಡದಲ್ಲಿ ನುಡಿಯಿತು. "ನೀವು ಈ ಕೃತ್ಯವನ್ನು ಏಕೆ ಮಾಡಿದಿರಿ?" ವಾರ್ತೆ ಓದುವವರ ಕನ್ನಡ.

ನಾನು ಹೊನ್ನಾಳಿ ಮಾತಿನಲ್ಲಿ ಬಡಬಡ ಹೇಳಿದೆ. ಯಂತ್ರಕ್ಕೆ ಒಂದಕ್ಷರ ತಿಳಿಯಲಿಲ್ಲ, ಇಂಗ್ರಿಡ್ ಹುಬ್ಬು ಗಂಟಿಕ್ಕಿದಳು. ಆಗ ನಾನು ಹೈಸ್ಕೂಲಿನಲ್ಲಿ ಎದ್ದು ನಿಂತು ಪಾಠ ಒಪ್ಪಿಸಿದಂತೆ, ಒಂದೊಂದೇ ಪದ ಬಿಡಿಸಿ ಹೇಳಿದೆ. "ಇದನ್ನು ಮಾಡಿದವರು ಕಸ್ತೂರಮ್ಮ ಮತ್ತು ಮರುಳಪ್ಪ. ನಾನು ಬೇಡ ಎಂದೆ. ನನಗೆ ನೀರಿನ ಭಯ ಇಲ್ಲ. ನಾನು ಒಂದು ದಿನವೂ ದಡಕ್ಕೆ ಇಳಿದಿಲ್ಲ. ಅವರು ನನ್ನನ್ನು ಬಿಡಲಿಲ್ಲ."

ಯಂತ್ರ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿತು. ಇಂಗ್ರಿಡ್ ಟ್ಯಾಬ್ ಕೆಳಗಿಟ್ಟಳು. ಆಮೇಲೆ ನನ್ನ ಕೈ ಹಿಡಿದು ಬಾಗಿಲ ಬಳಿಯ ಹಲಗೆಗೆ ಕರೆದೊಯ್ದಳು. ಹನ್ನೊಂದು ಬಿಲ್ಲೆಗಳು ಮೂರು ದಿನದ ಉಪ್ಪುನೀರಿನ ಕೈ ತಾಗಿ ಮಾಸಿದ್ದವು. ಹನ್ನೆರಡನೆಯದು ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಅವಳು ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದೆ. ಅವಳು ನಾರ್ವೆ ಭಾಷೆಯಲ್ಲಿ ಒಂದು ಮಾತು ಆಡಿದಳು. ಬೈಗುಳವೇ ಇರಬೇಕು, ಬೈಗುಳಕ್ಕೆ ಅನುವಾದ ಬೇಕಾಗುವುದಿಲ್ಲ.

ಮೇಲೆ ಏನು ನಡೆಯಿತೋ ನಾನು ನೋಡಲಿಲ್ಲ. ಮಾಲತೇಶನ ಫೋನಿನ ವಿಡಿಯೋ ತೆರೆಸಿದರು ಎಂದು ಶಾಂತಲಾ ಹೇಳಿದಳು. ಒಂದು ಗಂಟೆಯಲ್ಲಿ ಗಂಡ, ಹೆಂಡತಿ, ಮಗ ಮೂವರೂ ಜಾಕೆಟ್ ಹಾಕಿಕೊಂಡು ಬಾಗಿಲಿಗೆ ಬಂದರು. ಇಷ್ಟು ಕೊಟ್ಟು ಹಡಗು ಹಿಡಿದವನಿಗೇ ಹೀಗೆ ಮಾಡುವುದಾ ಎಂದು ಮರುಳಪ್ಪನವರು ಗೊಣಗುತ್ತಿದ್ದರು. ವರದಿಯಲ್ಲಿ ಈಗ ಅವರ ಹೆಸರಿತ್ತು. ನನ್ನತ್ತ ಯಾರೂ ನೋಡಲಿಲ್ಲ. ನಾನು ಹನ್ನೆರಡನೆಯ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿ ದೋಣಿಗೆ ಇಳಿದೆ.

ದಡದಲ್ಲಿ ಇಂಗ್ರಿಡ್ ಮೂವರಿಗೂ ಒಂದೊಂದು ಡಬ್ಬಿ ಕೊಟ್ಟು ಕಲ್ಲಿನ ಕಡೆ ಕೈ ತೋರಿಸಿದಳು. ನನಗೆ ಡಬ್ಬಿ ಕೊಡಲಿಲ್ಲ. ದೂರದಲ್ಲಿ ಹಿಮದ ಮೇಲೆ ನೆಟ್ಟ ಕೆಂಪು ಬಾವುಟ ತೋರಿಸಿ, ಅಲ್ಲಿಯವರೆಗೆ ಹೋಗಿ ಬಾ ಎಂದು ಸನ್ನೆ ಮಾಡಿದಳು. ತಾನು ಮಾತ್ರ ಮೊಣಕಾಲೂರಿ ಕಾಳು ಆರಿಸಲು ಕೂತಳು, ಯಾವ ತಪ್ಪೂ ಮಾಡದವಳು.

ನಾನು ಹತ್ತು ಹೆಜ್ಜೆ ಹೋಗಿದ್ದೆನೋ ಏನೋ, ಹಿಂದಿನಿಂದ ಕಸ್ತೂರಮ್ಮನ ದನಿ ಬಂತು.

"ಅಂಬಿಕಾ, ನಂಗೆ ಮೊಣಕಾಲು ಬಗ್ಗಾದಿಲ್ಲ ಅಂತ ನಿಂಗೆ ಗೊತ್ತೈತಲ್ಲೇ. ಬಾರೆ ಇತ್ಲಾಗೆ, ಬಿರಬಿರನೆ ನಾಕು ಕಾಳು ಆರಿಸಿ ಹೋಗು."

ತಿರುಗಿ ಬಂದೆ. ಕಾಲು ತಾನೇ ತಿರುಗಿತು, ಸೊಂಟ ತಾನೇ ಬಗ್ಗಿತು, ಹೆಬ್ಬೆರಳೂ ತೋರುಬೆರಳೂ ಕೂಡಿ ಒಂದು ಅಕ್ಕಿ ಕಾಳನ್ನು ಎತ್ತಿಯೇ ಬಿಟ್ಟವು. ಬೆರಳಲ್ಲಿ ಆ ಕಾಳು ಹಿಡಿದಾಗ ನನಗೆ ನನ್ನ ಕೈ ಕಾಣಿಸಿತು. ಸುಟ್ಟ ಗುರುತುಗಳು, ಉಗುರ ಸಂದಿಯಲ್ಲಿ ಜೋಳದ ಹಿಟ್ಟು. ನನ್ನನ್ನು ಇಷ್ಟು ಸುಲಭವಾಗಿ ಬಗ್ಗಿಸಬಲ್ಲರೆಂದು ಅವರಿಗೆ ಗೊತ್ತಿತ್ತು, ನನಗೇ ಗೊತ್ತಿರಲಿಲ್ಲ. ಎದ್ದು ನಿಂತೆ. ಕಸ್ತೂರಮ್ಮನ ಕೈಯನ್ನು ಹಿಡಿದು, ಬಿಡಿಸಿ, ಆ ಒಂದು ಕಾಳನ್ನು ಅಂಗೈಯಲ್ಲಿ ಇಟ್ಟೆ.

"ನಿಮ್ ಕಾಳು, ತಗಳ್ರಿ. ಉಳಿದದ್ದು ನೀವೇ ಆರಿಸ್ರಿ. ಮೊಣಕಾಲು ನಂಗೂ ನೋಯ್ತಾವೆ."

ಹಾಗೆಂದು ಬಾವುಟದ ಕಡೆ ನಡೆದೆ. ಹಿಂದೆ ಮರುಳಪ್ಪನವರು ನೆಂಟಸ್ತಿಕೆ, ಉಪ್ಪು, ಋಣ ಎಂದೆಲ್ಲ ಏನೋ ಹೇಳುತ್ತಿದ್ದರು. ನಾನು ನಿಲ್ಲಲಿಲ್ಲ. ಅವರ ಉಪ್ಪನ್ನು ನಾನು ತಿಂದದ್ದಕ್ಕಿಂತ ನಾನು ಹಾಕಿದ ಉಪ್ಪನ್ನು ಅವರು ತಿಂದದ್ದೇ ಹೆಚ್ಚು.

ಬಾವುಟದವರೆಗೆ ಹೋದೆ, ಅರ್ಧ ಗಂಟೆ ನಿಂತೆ, ತಿರುಗಿ ಬಂದೆ. ಈಗ ಖಾನಾವಳಿಯಲ್ಲಿ ಎಲ್ಲರೂ ಕೇಳುತ್ತಾರೆ. ಕಲ್ಲೇಶ್ ಬಂದ ದಿನವೇ ಕೇಳಿದರು, ಹಿಮ ಹೆಂಗಿತ್ತು ಎಂದು. ಬೆಳ್ಳಗಿತ್ತು, ತಣ್ಣಗಿತ್ತು ಎಂದು ಬಾಯಿಗೆ ಬಂದದ್ದು ಹೇಳಿದೆ. ನಿಜ ಏನೆಂದರೆ ನನಗೆ ನೆನಪಿಲ್ಲ. ಆ ಅರ್ಧ ಗಂಟೆಯೂ ನನ್ನ ತಲೆಯೊಳಗೆ ಕಸ್ತೂರಮ್ಮನಿಗೆ ಹೇಳದೆ ಉಳಿದ ಮಾತುಗಳೇ ಕುದಿಯುತ್ತಿದ್ದವು. ಕಣ್ಣು ಬಿಟ್ಟುಕೊಂಡೇ ಇದ್ದೆ, ಏನೂ ನೋಡಲಿಲ್ಲ. ವರದಿ, ಸುಳ್ಳು, ಮೂರು ದಿನದ ಹುಗ್ಗಿ ಹೋಳಿಗೆ, ಅವೆಲ್ಲವನ್ನೂ ಬೇಕಾದರೆ ಮರೆತೇನು. ನನ್ನ ಆ ಅರ್ಧ ಗಂಟೆಯನ್ನು ಅವರು ತಿಂದುಹಾಕಿದ್ದನ್ನು ಮಾತ್ರ ಮನ್ನಿಸಲು ನನಗೆ ಆಗುವುದಿಲ್ಲ.